ಮಾತನಾಡುವ ಲೆಕ್ಕದ ಪುಸ್ತಕ ಮತ್ತು ವರ್ತಕನ ಹೊಣೆ

ವ್ಯಾಪಾರದಲ್ಲಿ ನಗದಿಗೆ ಎಷ್ಟು ಬೆಲೆಯೋ ನಂಬಿಕೆಗೂ ಅಷ್ಟೇ ಬೆಲೆ ಎಂಬ ಮಾತು ವರ್ತಕ ಸಮುದಾಯಕ್ಕೆ ಹೊಸದಲ್ಲ. ಕಾರ್ಖಾನೆಯ ಸಂಬಳವನ್ನು ನೆಚ್ಚಿ ಬೆಳೆದ ಊರುಗಳಲ್ಲಂತೂ ಈ ನಂಬಿಕೆಯೇ ಅರ್ಧ ಬಂಡವಾಳ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ 1918ರಲ್ಲಿ ಮೊದಲುಗೊಂಡು 1923ರಲ್ಲಿ ಉತ್ಪಾದನೆಗಿಳಿದ ಮೈಸೂರು ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆ, ಇವೆರಡರ ಆಶ್ರಯದಲ್ಲಿ ಭದ್ರಾವತಿಯ ಪೇಟೆ ಬೆಳೆಯಿತು. ಜನ್ನಾಪುರದಂತಹ ಬಡಾವಣೆಗಳ ದಿನಸಿ ಅಂಗಡಿಗಳಲ್ಲಿ ತಿಂಗಳಿಡೀ ಲೆಕ್ಕಕ್ಕೆ ಬರೆಸಿ ಸಾಮಾನು ಒಯ್ಯುವುದು, ಬಟವಾಡೆಯಾದ ದಿನ ಬಂದು ಬಾಕಿ ತೀರಿಸುವುದು ಕಾರ್ಮಿಕ ಕುಟುಂಬಗಳ ಸಹಜ ರೂಢಿಯಾಗಿತ್ತು.

ಈ ಉದ್ರಿ ವ್ಯವಹಾರವನ್ನು ದಾಖಲಿಸುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕಕ್ಕೆ ಒಂದು ದೊಡ್ಡ ಗುಣವಿತ್ತು. ಅದು ತಾನಾಗಿ ಮಾತನಾಡುತ್ತಿರಲಿಲ್ಲ. ಯಾರ ಬಾಕಿ ಎಷ್ಟು ಎಂಬುದನ್ನು ಅದು ತೋರಿಸುತ್ತಿತ್ತೇ ಹೊರತು, ಯಾವಾಗ ಕೇಳಬೇಕು, ಯಾರೆದುರು ಕೇಳಬಾರದು, ಯಾವ ತಿಂಗಳು ಸುಮ್ಮನಿರಬೇಕು ಎಂಬುದನ್ನು ಗಲ್ಲಾದ ಮೇಲೆ ಕುಳಿತ ವರ್ತಕನೇ ತೀರ್ಮಾನಿಸುತ್ತಿದ್ದ. ಮನೆಯಲ್ಲಿ ಸಾವಾದವರನ್ನು, ಆಸ್ಪತ್ರೆಯ ಖರ್ಚಿಗೆ ಸಿಕ್ಕಿಕೊಂಡವರನ್ನು, ಮಗಳ ಮದುವೆ ಮುಗಿಸಿ ಬರಿಗೈಯಲ್ಲಿ ನಿಂತವರನ್ನು ಆತ ಬಲ್ಲವನಾಗಿದ್ದ. ಕೇಳುವ ಹಕ್ಕಿದ್ದರೂ ಕೇಳದೆ ಇರುವ ಈ ವಿವೇಚನೆಯೇ ಆತನ ಅಂಗಡಿಗೆ ಮರಳಿ ಮರಳಿ ಗ್ರಾಹಕರನ್ನು ಕರೆತರುತ್ತಿತ್ತು.

ಇಂತಹ ವಿವೇಚನೆಯ ಅಗತ್ಯ ಭದ್ರಾವತಿಗೆ ಪದೇ ಪದೇ ಒದಗಿದೆ. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಪ್ರಕಟವಾದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಬೇಕಾಯಿತು. ಮುಂದೆ ಕಾರ್ಖಾನೆಯ ಒಂದು ಭಾಗದಲ್ಲಿ ಕೆಲಸ ಮತ್ತೆ ಆರಂಭವಾಯಿತಾದರೂ, ಆ ನಡುವಿನ ತಿಂಗಳುಗಳಲ್ಲಿ ಕೂಲಿ ಬಾರದ ಮನೆಗಳ ಅಡುಗೆಯ ಒಲೆಗೂ ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಎಷ್ಟು ಹತ್ತಿರದ ನಂಟು ಎಂಬುದನ್ನು ಯಾವ ವರ್ತಕನಿಗೂ ವಿವರಿಸಬೇಕಾಗಿಲ್ಲ.

ಪುಸ್ತಕಕ್ಕೆ ಬಾಯಿ ಬಂದಾಗ

ಇಂದು ಆ ಪುಸ್ತಕದ ಜಾಗಕ್ಕೆ ಮೊಬೈಲ್ ಬಂದಿದೆ. ಖಾತಾಬುಕ್, ಓಕೆಕ್ರೆಡಿಟ್ ಮೊದಲಾದ ಆ್ಯಪ್‌ಗಳು ಉದ್ರಿ ಲೆಕ್ಕವನ್ನು ಕನ್ನಡದಲ್ಲಿಯೂ ಬರೆದಿಡುವ ಸೌಕರ್ಯ ಒದಗಿಸಿವೆ. ಕೂಡುವ ಕಳೆಯುವ ಶ್ರಮ ತಪ್ಪಿದೆ, ಪುಸ್ತಕ ಕಳೆದುಹೋಗುವ ಭಯವಿಲ್ಲ, ಬಾಕಿದಾರನಿಗೆ ಜ್ಞಾಪನ ಸಂದೇಶವನ್ನೂ ಹಣ ಪಾವತಿಯ ಕೊಂಡಿಯನ್ನೂ ಕಳುಹಿಸಬಹುದು. ದೊಡ್ಡ ವಹಿವಾಟಿನವರಿಗೆ ಇದೇ ಕೆಲಸ ಮಾಡುವ ಬಿಲ್ಲಿಂಗ್ ತಂತ್ರಾಂಶಗಳಿವೆ. ಇವೆಲ್ಲ ಸಣ್ಣ ವ್ಯಾಪಾರಕ್ಕೆ ದೊರೆತ ನಿಜವಾದ ಅನುಕೂಲಗಳು ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಇಲ್ಲಿ ಗಮನಿಸಬೇಕಾದ ಬದಲಾವಣೆಯೊಂದಿದೆ. ಸುಮ್ಮನಿದ್ದ ಪುಸ್ತಕ ಈಗ ಮಾತನಾಡತೊಡಗಿದೆ. ಜ್ಞಾಪನವು ತಾನೇ ತಾನಾಗಿ ಹೋಗುವಂತೆ ಒಮ್ಮೆ ಅಣಿಗೊಳಿಸಿಬಿಟ್ಟರೆ, ಅದು ದಿನಾಂಕವನ್ನೂ ಮೊತ್ತವನ್ನೂ ನೋಡುತ್ತದೆಯೇ ಹೊರತು ಮನುಷ್ಯನನ್ನು ನೋಡುವುದಿಲ್ಲ. ತಂದೆಯ ಉತ್ತರಕ್ರಿಯೆಯ ದಿನ ಬಂಧುಗಳ ನಡುವೆ ಕುಳಿತವನ ಮೊಬೈಲಿಗೂ ಅದೇ ಸಂದೇಶ, ಊರಲ್ಲಿದ್ದೂ ತಪ್ಪಿಸಿಕೊಂಡು ಓಡಾಡುವವನ ಮೊಬೈಲಿಗೂ ಅದೇ ಸಂದೇಶ. ಆ ಸಂದೇಶ ಬರುವುದು ತಂತ್ರಾಂಶ ಸಂಸ್ಥೆಯ ಹೆಸರಿನಲ್ಲಲ್ಲ, ಅಂಗಡಿಯ ಹೆಸರಿನಲ್ಲಿ. ಓದಿದವನು ನೊಂದುಕೊಳ್ಳುವುದು ಇಪ್ಪತ್ತು ವರ್ಷದಿಂದ ಪರಿಚಯವಿರುವ ಅಂಗಡಿಯ ಯಜಮಾನರ ಮೇಲೆ. ಅಂತಹದೊಂದು ಮಾತು ತನ್ನ ಹೆಸರಿನಲ್ಲಿ ಹೋಗಿದೆಯೆಂಬುದು ಯಜಮಾನರಿಗೆ ಗೊತ್ತಿಲ್ಲದೆಯೂ ಇರಬಹುದು.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ತಂತ್ರಾಂಶವನ್ನು ರೂಪಿಸಿದವರು ಮನಸ್ಸಿನಲ್ಲಿಟ್ಟುಕೊಂಡದ್ದು ಹಣವಿದ್ದೂ ಮರೆತಿರುವ ಗ್ರಾಹಕನನ್ನು. ಹಣವಿಲ್ಲದೆ ಪ್ರತಿದಿನವೂ ಆ ಬಾಕಿಯನ್ನೇ ನೆನೆಯುತ್ತಿರುವ ಗ್ರಾಹಕನ ಚಿತ್ರ ಅವರ ಎದುರಿಗಿರಲಿಲ್ಲ. ಒಬ್ಬನಿಗೆ ನೆನಪಾಗಿ ಒದಗುವ ಮಾತು ಇನ್ನೊಬ್ಬನಿಗೆ ಚುಚ್ಚುಮಾತಾಗುತ್ತದೆ.

ಅಮೆರಿಕದಲ್ಲೊಂದು ಪಾಠ

ಇಂತಹ ಅಜಾಗರೂಕತೆ ದೊಡ್ಡ ಸಂಸ್ಥೆಗಳನ್ನೂ ಬಿಟ್ಟಿಲ್ಲ. 2014ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಬಳಕೆದಾರರಿಗೆ ವರ್ಷದ ಹಿನ್ನೋಟವೊಂದನ್ನು ತಾನಾಗಿಯೇ ಸಿದ್ಧಪಡಿಸಿ ತೋರಿಸಿತು. ಸಂಭ್ರಮದ ಚಿತ್ತಾರಗಳ ನಡುವೆ ಅವರವರದೇ ಛಾಯಾಚಿತ್ರವನ್ನಿಟ್ಟು, ವರ್ಷ ಸೊಗಸಾಗಿತ್ತೆಂಬ ಅರ್ಥದ ಒಕ್ಕಣೆಯನ್ನೂ ಸೇರಿಸಲಾಗಿತ್ತು. ಹೆಸರಾಂತ ಜಾಲತಾಣ ವಿನ್ಯಾಸಕ ಎರಿಕ್ ಮೆಯರ್ ಅವರಿಗೆ ಆ ಚೌಕಟ್ಟಿನೊಳಗೆ ಕಾಣಿಸಿದ್ದು, ಅದೇ ವರ್ಷ ಆರರ ಪ್ರಾಯದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದ ತಮ್ಮ ಮಗಳ ಮುಖ.

ಮೆಯರ್ ಅವರು ಈ ಕುರಿತು ಬರೆದ ಲೇಖನ ಜಗತ್ತಿನ ತಂತ್ರಾಂಶ ವಲಯದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಅವರು ಯಾರನ್ನೂ ದೂಷಿಸಲಿಲ್ಲ. ಬಹುಮಂದಿಗೆ ಸಂತೋಷ ನೀಡುವ ವ್ಯವಸ್ಥೆಯೇ ದುಃಖದಲ್ಲಿರುವವರ ಪಾಲಿಗೆ ಕ್ರೌರ್ಯವಾಗುತ್ತದೆ, ಏಕೆಂದರೆ ಅವರ ಬಗೆಗೆ ಯಾರೂ ಯೋಚಿಸಿರುವುದಿಲ್ಲ ಎಂಬುದು ಅವರ ವಾದವಾಗಿತ್ತು. ಅವರು ಸೂಚಿಸಿದ ಪರಿಹಾರವೂ ಸರಳವಾದುದೇ: ಬಳಕೆದಾರ ನೋಡಬಯಸುತ್ತಾನೆಂದು ಖಚಿತವಾಗುವವರೆಗೆ ಚಿತ್ರವನ್ನು ತಾನಾಗಿ ಮುಂದಿಡಬಾರದು, ಮೊದಲು ಬೇಕೇ ಬೇಡವೇ ಎಂದು ಕೇಳಬೇಕು. ಸಂಸ್ಥೆಯ ಕಡೆಯಿಂದ ಅವರಿಗೆ ಕ್ಷಮಾಯಾಚನೆಯೂ ಬಂದಿತು. ಹೇಳಿಕೇಳಿ ಬೇಡವೆಂದರೆ ಬಿಡುವ ಈ ಮರ್ಯಾದೆ ಅಂಗಡಿಯ ಕಟ್ಟೆಯ ಮೇಲೆ ಮೊದಲಿನಿಂದಲೂ ಇತ್ತು. ಅದನ್ನು ಯಂತ್ರಕ್ಕೆ ಕಲಿಸುವ ಕೆಲಸ ಉಳಿದಿದೆ.

ಅಜಾಗರೂಕತೆ, ಜಾಣತನ, ಕ್ರೌರ್ಯ

ತಂತ್ರಜ್ಞಾನದಿಂದ ಮನಸ್ಸಿಗಾಗುವ ಗಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೇಲೆ ಹೇಳಿದ್ದು ಅಜಾಗರೂಕತೆಯಿಂದಾಗುವ ಗಾಯ. ಎರಡನೆಯದು ಜಾಣತನದಿಂದ ಮಾಡುವುದು. ಮಾಲು ಮುಗಿಯುತ್ತಿದೆಯೆಂದು ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದರೂ ಬಿಡದೆ ಕಾಡುವುದು, ಸೇರುವ ಬಾಗಿಲು ದೊಡ್ಡದಾಗಿಟ್ಟು ಹೊರಹೋಗುವ ಬಾಗಿಲನ್ನು ಮುಚ್ಚಿಡುವುದು, ಬೇಡವೆನ್ನುವವನಿಗೆ ನಾಚಿಕೆಯಾಗುವಂತೆ ಮಾತು ಜೋಡಿಸುವುದು ಈ ಬಗೆಗೆ ಸೇರುತ್ತವೆ.

ಇಂತಹ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸುವ ಮಾರ್ಗಸೂಚಿಯನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿತು. ಇವನ್ನು ಡಾರ್ಕ್ ಪ್ಯಾಟರ್ನ್ ಎಂದು ಕರೆಯಲಾಗಿದೆ. ಭಯ, ನಾಚಿಕೆ, ಅಪಹಾಸ್ಯ ಅಥವಾ ತಪ್ಪಿತಸ್ಥ ಭಾವನೆ ಹುಟ್ಟಿಸಿ ಗ್ರಾಹಕನನ್ನು ಒಂದು ಕಡೆಗೆ ತಳ್ಳುವುದೂ ಅವುಗಳಲ್ಲೊಂದು. ವಿಮಾನದ ಟಿಕೆಟು ಕೊಳ್ಳುವವನು ವಿಮೆ ಬೇಡವೆಂದಾಗ, ತಾನು ಅಸುರಕ್ಷಿತನಾಗಿಯೇ ಇರುತ್ತೇನೆಂಬ ಮಾತನ್ನು ಆತನಿಂದಲೇ ಒತ್ತಿಸುವುದನ್ನು ಮಾರ್ಗಸೂಚಿಯೇ ಉದಾಹರಣೆಯಾಗಿ ನೀಡಿದೆ. ಇದು ದೊಡ್ಡ ಇ-ವಾಣಿಜ್ಯ ಸಂಸ್ಥೆಗಳ ತಲೆನೋವೆಂದು ಸಣ್ಣ ವರ್ತಕರು ಭಾವಿಸಬಾರದು. ಮಾರ್ಗಸೂಚಿಯು ಅಂತರಜಾಲ ವೇದಿಕೆಗಳಿಗೆ ಮಾತ್ರವಲ್ಲದೆ ಜಾಹೀರಾತುದಾರರಿಗೂ ಮಾರಾಟಗಾರರಿಗೂ ಅನ್ವಯಿಸುತ್ತದೆ. ಮೂರು ತಿಂಗಳೊಳಗೆ ತಮ್ಮ ತಮ್ಮ ವ್ಯವಸ್ಥೆಗಳನ್ನು ತಾವೇ ಪರಿಶೋಧಿಸಿಕೊಳ್ಳುವಂತೆ ಪ್ರಾಧಿಕಾರವು 2025ರ ಜೂನ್‌ನಲ್ಲಿ ಇ-ವಾಣಿಜ್ಯ ವೇದಿಕೆಗಳಿಗೆ ಸೂಚಿಸಿತು.

ಮೂರನೆಯದು ಕ್ರೌರ್ಯವನ್ನೇ ಬಂಡವಾಳವಾಗಿಸಿಕೊಂಡ ಉತ್ಪನ್ನ. ಕ್ಷಣದಲ್ಲಿ ಸಾಲ ಕೊಡುವುದಾಗಿ ಹೇಳಿ ಸಾಲಗಾರನ ಮೊಬೈಲಿನಲ್ಲಿರುವ ಹೆಸರು, ಸಂಖ್ಯೆ, ಚಿತ್ರಗಳನ್ನೆಲ್ಲ ದೋಚಿ, ಕಂತು ತಪ್ಪಿದೊಡನೆ ಬಂಧುಮಿತ್ರರಿಗೆಲ್ಲ ಅವಮಾನಕರ ಸಂದೇಶ ಕಳುಹಿಸಿದ ಆ್ಯಪ್‌ಗಳು ಇಡೀ ದೇಶದಲ್ಲಿ ಪ್ರಾಣಹಾನಿಗೂ ಕಾರಣವಾದವು. 2021ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಕಾರ್ಯತಂಡವು ಭಾರತದಲ್ಲಿ ದೊರೆಯುತ್ತಿದ್ದ ಸುಮಾರು 1,100 ಸಾಲದ ಆ್ಯಪ್‌ಗಳ ಪೈಕಿ 600ರಷ್ಟು ಕಾನೂನುಬಾಹಿರವೆಂದು ಗುರುತಿಸಿತು. 2022ರ ಸೆಪ್ಟೆಂಬರ್ 2ರ ಮಾರ್ಗಸೂಚಿಯು ಸಾಲದ ಆ್ಯಪ್‌ಗಳು ಗ್ರಾಹಕನ ದೂರವಾಣಿ ಪಟ್ಟಿ, ಕರೆಗಳ ವಿವರ, ಚಿತ್ರಗಳಿಗೆ ಕೈಹಾಕುವುದನ್ನು ತಡೆಯಿತು. ಕರ್ನಾಟಕದಲ್ಲಿ ಕಿರುಸಾಲ ವಸೂಲಿಯ ಕಿರುಕುಳ ಮಿತಿಮೀರಿದಾಗ ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷಗಳವರೆಗಿನ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗಿನ ದಂಡವನ್ನು ಗೊತ್ತುಪಡಿಸಿತು.

ದಿನಸಿ ಅಂಗಡಿಯ ಜ್ಞಾಪನ ಸಂದೇಶವನ್ನು ಈ ಮೂರನೆಯ ಬಗೆಯೊಂದಿಗೆ ಸಮಗೊಳಿಸುವುದು ಅನ್ಯಾಯವಾದೀತು. ಆದರೆ ಸಾಲದ ಆ್ಯಪ್‌ಗಳ ಕಾಟವುಂಡ ಮನೆಗೆ ಮೊಬೈಲಿನ ಪ್ರತಿಯೊಂದು ಸದ್ದೂ ಬೆದರಿಕೆಯಾಗಿ ಕೇಳಿಸುತ್ತದೆ. ಅಂಗಡಿಯ ಸಂದೇಶವೂ ಅದೇ ಸದ್ದಿನೊಂದಿಗೆ, ಅದೇ ಬಗೆಯ ಮಾತಿನಲ್ಲಿ ಬಂದರೆ, ಪ್ರಾಮಾಣಿಕ ವರ್ತಕನೂ ಗ್ರಾಹಕನ ಕಣ್ಣಿನಲ್ಲಿ ಆ ಸಾಲಿಗೇ ಸೇರಿಬಿಡುವ ಅಪಾಯವಿದೆ.

ಬಾಕಿ ವಸೂಲಾಗಬೇಡವೇ?

ಈ ವಾದಕ್ಕೆ ವರ್ತಕರಿಂದ ಬರುವ ಆಕ್ಷೇಪ ನ್ಯಾಯವಾದುದೇ. ಸಗಟು ವ್ಯಾಪಾರಿ ಉದ್ರಿ ಕೊಡುವುದಿಲ್ಲ, ಅಂಗಡಿಯ ಬಾಡಿಗೆ ನಿಲ್ಲುವುದಿಲ್ಲ, ಎಲ್ಲರ ಕಷ್ಟವನ್ನೂ ಕೇಳುತ್ತ ಕುಳಿತರೆ ಅಂಗಡಿಯ ಬಾಗಿಲು ಹಾಕಬೇಕಾಗುತ್ತದೆ. ನೆನಪಿಸದಿದ್ದರೆ ತೀರಿಸದವರೂ ಇದ್ದಾರೆ. ಇದೆಲ್ಲವೂ ನಿಜ. ಇಲ್ಲಿ ಹೇಳುತ್ತಿರುವುದು ಬಾಕಿ ಕೇಳಬಾರದೆಂದಲ್ಲ. ಕೇಳುವ ತೀರ್ಮಾನ ವರ್ತಕನ ಕೈಯಲ್ಲಿಯೇ ಉಳಿಯಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ಉದ್ರಿಯ ಬಾಕಿಗೆ ಒತ್ತೆಯಿಲ್ಲ, ಪತ್ರವಿಲ್ಲ, ಜಾಮೀನಿಲ್ಲ. ಗ್ರಾಹಕ ನಾಳೆಯೂ ಅದೇ ಅಂಗಡಿಯ ಮುಂದೆ ತಲೆಯೆತ್ತಿ ನಡೆದುಹೋಗಬಲ್ಲ ಎಂಬುದೇ ಅದಕ್ಕಿರುವ ಏಕೈಕ ಭದ್ರತೆ. ಅವಮಾನಗೊಂಡವನು ಪಕ್ಕದ ರಸ್ತೆ ಹಿಡಿಯುತ್ತಾನೆ. ಅಲ್ಲಿಗೆ ಹಳೆಯ ಬಾಕಿಯೂ ಹೋಯಿತು, ಮುಂದಿನ ವ್ಯಾಪಾರವೂ ಹೋಯಿತು. ಆದುದರಿಂದ ಗ್ರಾಹಕನ ಮಾನವನ್ನು ಕಾಯುವುದು ದಾನಧರ್ಮದ ಮಾತಲ್ಲ, ಬಂಡವಾಳವನ್ನು ಕಾಯುವ ಮಾತು.

ಮನಸ್ಸಿನ ನೋವನ್ನು ಅಳೆಯಲಾಗದು, ಅಳೆಯಲಾಗದ್ದನ್ನು ವಿನ್ಯಾಸದಲ್ಲಿ ಸೇರಿಸುವುದು ಹೇಗೆ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಉದ್ಯಮಿಗಳ ಅನುಭವದಲ್ಲಿಯೇ ಉತ್ತರವಿದೆ. ಎರಕದ ಕೆಲಸ ಬಲ್ಲವರು ಎರಕವನ್ನು ಸುಲಭದ ಭಾರಕ್ಕಲ್ಲ, ಅದು ಹೊರಬೇಕಾದ ಅತಿ ಕಠಿಣ ಭಾರಕ್ಕೆ ಒಡ್ಡಿ ಪರೀಕ್ಷಿಸುತ್ತಾರೆ. ನೂರರಲ್ಲಿ ತೊಂಬತ್ತೈದು ಸರಿಯಿದ್ದು ಐದರೊಳಗೆ ಬ್ಲೋ ಹೋಲ್ ಇದ್ದರೆ ಗಿರಾಕಿ ಒಪ್ಪುವುದಿಲ್ಲ. ಅದೇ ರೀತಿ, ತಿರುಗುವ ಯಂತ್ರಭಾಗಗಳಿಗೆ ಕಾವಲು ಬೇಲಿ ಹಾಕಬೇಕೆಂದು 1948ರ ಕಾರ್ಖಾನೆಗಳ ಅಧಿನಿಯಮ ವಿಧಿಸಿದಾಗ, ಕಾರ್ಮಿಕನೇ ಜೋಪಾನವಾಗಿದ್ದರೆ ಸಾಲದೇ ಎಂದು ಕೇಳಿದವರಿದ್ದಿರಬಹುದು. ದಣಿದ, ಅನ್ಯಮನಸ್ಕನಾದ ಕಾರ್ಮಿಕನೂ ಯಂತ್ರದ ಮುಂದೆ ನಿಲ್ಲುತ್ತಾನೆ ಎಂಬ ಅರಿವಿನಿಂದ ಆ ಬೇಲಿ ಬಂದಿತು. ನೊಂದವನೂ ಮೊಬೈಲ್ ಹಿಡಿದಿರುತ್ತಾನೆ ಎಂಬ ಅರಿವಿನಿಂದ ತಂತ್ರಾಂಶಕ್ಕೂ ಅಂತಹದೊಂದು ಬೇಲಿ ಬೇಕಾಗಿದೆ.

ಕೊಳ್ಳುವ ಮುನ್ನ ಕೇಳಬೇಕಾದುದು

ತಂತ್ರಾಂಶವನ್ನು ಬರೆಯುವವರು ಬೇರೆಯವರಾದರೂ ಹಣ ಕೊಟ್ಟು ಕೊಳ್ಳುವವರು ವರ್ತಕರು. ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದ ಯುವಕ ಯುವತಿಯರಿಂದ ತಮ್ಮದೇ ಆ್ಯಪ್ ಮಾಡಿಸಿಕೊಳ್ಳುವ ಅವಕಾಶವೂ ಸ್ಥಳೀಯ ಉದ್ಯಮಿಗಳಿಗಿದೆ. ಹಾಗಾಗಿ ಕೊಳ್ಳುವಾಗಲೇ ಕೆಲವು ಷರತ್ತುಗಳನ್ನು ಮುಂದಿಡುವುದು ಉಚಿತ.

ಮೊದಲನೆಯದಾಗಿ, ಯಾವ ಜ್ಞಾಪನವೂ ವರ್ತಕನ ಒಪ್ಪಿಗೆಯಿಲ್ಲದೆ ಹೋಗಬಾರದು. ಪ್ರತಿದಿನ ಬೆಳಿಗ್ಗೆ ಅಂದು ಕಳುಹಿಸಬೇಕಾದವರ ಪಟ್ಟಿಯನ್ನು ತಂತ್ರಾಂಶವು ಮುಂದಿಡಲಿ. ಯಾರಿಗೆ ಬೇಡವೋ ಅವರ ಹೆಸರನ್ನು ಆತ ಒಂದೇ ಸ್ಪರ್ಶದಲ್ಲಿ ತೆಗೆಯುವಂತಿರಲಿ.

ಎರಡನೆಯದಾಗಿ, ಒಬ್ಬ ಗ್ರಾಹಕನ ಮಟ್ಟಿಗೆ ಒಂದೆರಡು ತಿಂಗಳು ಎಲ್ಲ ಸಂದೇಶಗಳನ್ನೂ ನಿಲ್ಲಿಸುವ ಸೌಲಭ್ಯವಿರಬೇಕು. ಬಾಕಿಯ ಜ್ಞಾಪನದಷ್ಟೇ ಹಬ್ಬದ ಶುಭಾಶಯವೂ, ಹುಟ್ಟುಹಬ್ಬದ ರಿಯಾಯಿತಿಯ ಆಮಂತ್ರಣವೂ ಸೂತಕದ ಮನೆಯನ್ನು ನೋಯಿಸಬಲ್ಲವು. ಬಟ್ಟೆ ಅಂಗಡಿ, ಆಭರಣದ ಅಂಗಡಿಗಳವರು ಇದನ್ನು ವಿಶೇಷವಾಗಿ ಗಮನಿಸಬೇಕು. ತೀರಿಕೊಂಡವರ ಹೆಸರಿಗೆ ಹುಟ್ಟುಹಬ್ಬದ ಶುಭಾಶಯ ಹೋಗುವುದಕ್ಕಿಂತ ಮುಜುಗರದ ಸಂಗತಿ ಅಂಗಡಿಗೆ ಇನ್ನೊಂದಿಲ್ಲ.

ಮೂರನೆಯದಾಗಿ, ಹೊತ್ತುಗೊತ್ತಿನ ಪ್ರಶ್ನೆ. ಸಾಲ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂದೂ, ಸಾಲಗಾರನನ್ನು ನಾಲ್ವರೆದುರು ಅವಮಾನಿಸಬಾರದೆಂದೂ, ಆತನ ಮನೆಯವರನ್ನೂ ಸ್ನೇಹಿತರನ್ನೂ ಕಾಡಬಾರದೆಂದೂ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳಿಗೆ ತಿಳಿಸಿತು. ಅಂಗಡಿಯ ಉದ್ರಿಗೆ ಈ ಸುತ್ತೋಲೆ ಅನ್ವಯಿಸುವುದಿಲ್ಲ. ಆದರೂ ಬ್ಯಾಂಕಿಗೆ ಸಲ್ಲದ ನಡೆ ನೆರೆಹೊರೆಯ ಅಂಗಡಿಗೆ ಹೇಗೆ ಸಲ್ಲೀತು? ಮನೆಯವರೆಲ್ಲ ನೋಡುವ ವಾಟ್ಸ್‌ಆ್ಯಪ್ ಗುಂಪಿಗೆ ಬಾಕಿಯ ವಿವರ ಹೋಗಕೂಡದೆಂಬುದೂ ಇದರಲ್ಲಿಯೇ ಅಡಗಿದೆ.

ನಾಲ್ಕನೆಯದಾಗಿ, ಭಾಷೆ. ಆ್ಯಪ್‌ಗಳ ಕನ್ನಡವನ್ನು ಬಹುಪಾಲು ಬೇರೆ ಭಾಷೆಯಿಂದ ತಂದಿರಿಸಲಾಗಿರುತ್ತದೆ. ಕೂಡಲೇ ಬಾಕಿ ಪಾವತಿಸಿ ಎಂಬ ಆಜ್ಞೆಯನ್ನು ಭದ್ರಾವತಿಯ ಯಾವ ವರ್ತಕನೂ ತನ್ನ ಹಳೆಯ ಗಿರಾಕಿಗೆ ಬಾಯಿಬಿಟ್ಟು ಹೇಳಲಾರ. ತಮ್ಮ ಲೆಕ್ಕದಲ್ಲಿ ಇಷ್ಟು ಉಳಿದಿದೆ, ಅನುಕೂಲವಾದಾಗ ಬಂದು ನೋಡಿ ಎಂಬುದು ಅಂಗಡಿಯ ಭಾಷೆ. ತನ್ನ ಹೆಸರಿನಲ್ಲಿ ಹೋಗುವ ಒಕ್ಕಣೆಯನ್ನು ತಿದ್ದುವ ಅಧಿಕಾರ ವರ್ತಕನಿಗೆ ಇರಲೇಬೇಕು. ಹಣ ಪಾವತಿಯಾಗದಿದ್ದಾಗ ಪರದೆಯ ಮೇಲೆ ಮೂಡುವ ಮಾತಿಗೂ ಇದು ಅನ್ವಯಿಸುತ್ತದೆ. ಬ್ಯಾಂಕಿನ ಸರ್ವರ್ ಕೈಕೊಟ್ಟ ಕಾರಣಕ್ಕೆ ಸಾಲಿನಲ್ಲಿ ನಿಂತ ಗ್ರಾಹಕನ ಖಾತೆಯೇ ಬರಿದಾಗಿದೆ ಎಂಬ ಭಾವನೆ ಸುತ್ತಲಿನವರಲ್ಲಿ ಹುಟ್ಟಬಾರದು.

ಐದನೆಯದಾಗಿ, ಬೇಡವೆನ್ನುವ ದಾರಿ ಗ್ರಾಹಕನಿಗೂ ಇರಬೇಕು. ಸಂದೇಶ ಬೇಡ, ಅಂಗಡಿಗೆ ಬಂದು ಮಾತನಾಡುತ್ತೇನೆ ಎಂದು ತಿಳಿಸಲು ಒಂದು ಗುಂಡಿ ಇದ್ದರೆ, ಆ ಗುಂಡಿ ಒತ್ತಿದವನು ಬಾಕಿಯನ್ನು ಒಪ್ಪಿಕೊಂಡಂತೆಯೇ ಆಯಿತು. ವಸೂಲಿಯ ದೃಷ್ಟಿಯಿಂದಲೂ ಇದು ಲಾಭವೇ.

ಈ ಐದರಲ್ಲಿ ಯಾವುದೂ ತಾಂತ್ರಿಕವಾಗಿ ಕಷ್ಟವಲ್ಲ, ಹೆಚ್ಚಿನ ವೆಚ್ಚದ್ದೂ ಅಲ್ಲ. ಇವು ಇಲ್ಲದಿರುವುದಕ್ಕೆ ಮುಖ್ಯ ಕಾರಣ, ಕೊಳ್ಳುವವರು ಇದುವರೆಗೆ ಕೇಳದೆ ಇದ್ದುದು. ಒಬ್ಬೊಬ್ಬ ವರ್ತಕ ಕೇಳಿದರೆ ತಂತ್ರಾಂಶ ಸಂಸ್ಥೆಗಳಿಗೆ ಅದು ಸಣ್ಣ ದನಿ. ವಾಣಿಜ್ಯ ಸಂಘಗಳು ಒಟ್ಟಾಗಿ ಕೇಳಿದರೆ ಅದೇ ಮಾರುಕಟ್ಟೆಯ ಬೇಡಿಕೆಯಾಗುತ್ತದೆ. ಬಿಲ್ಲಿಂಗ್ ತಂತ್ರಾಂಶಗಳ ಪ್ರಾತ್ಯಕ್ಷಿಕೆಗಳನ್ನು ಏರ್ಪಡಿಸುವಾಗ ಬೆಲೆ ಮತ್ತು ವೇಗಗಳ ಜೊತೆಗೆ ಈ ಪ್ರಶ್ನೆಗಳನ್ನೂ ಮುಂದಿಡುವುದು, ಕನ್ನಡದ ಒಕ್ಕಣೆಗಳ ಒಂದು ಮಾದರಿಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು, ತಯಾರಕರನ್ನೂ ನಾಲ್ಕಾರು ಹಿರಿಯ ಅಂಗಡಿಕಾರರನ್ನೂ ಒಂದೆಡೆ ಕೂರಿಸಿ ಮಾತನಾಡಿಸುವುದು ಸಂಘಗಳ ಶಕ್ತಿಗೆ ಮೀರಿದ ಕೆಲಸಗಳಲ್ಲ.

ತಂತ್ರಜ್ಞಾನವನ್ನು ದೂರವಿಡಬೇಕೆಂದು ಯಾರೂ ಹೇಳಲಾರರು. ಲೆಕ್ಕ ಕೂಡುವ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಡುವುದರಿಂದ ವರ್ತಕನಿಗೆ ಉಳಿಯುವ ಹೊತ್ತು ದೊಡ್ಡದು. ಆದರೆ ಗಿರಾಕಿಯ ಮುಖ ನೋಡಿ ಕೇಳುವ ಅಥವಾ ಕೇಳದಿರುವ ಕೆಲಸವನ್ನೂ ಅದಕ್ಕೇ ಒಪ್ಪಿಸಿದರೆ, ಜನ್ನಾಪುರದ ಅಂಗಡಿಗೂ ದೂರದ ಗೋದಾಮಿನಿಂದ ಸಾಮಾನು ಕಳುಹಿಸುವ ಸಂಸ್ಥೆಗೂ ವ್ಯತ್ಯಾಸವೇ ಉಳಿಯದು. ಬೆಲೆಯಲ್ಲಿ ಆ ಸಂಸ್ಥೆಗಳೊಂದಿಗೆ ಸೆಣಸುವುದು ಸಣ್ಣ ವರ್ತಕನಿಗೆ ಕಷ್ಟ. ಗ್ರಾಹಕನ ಕಷ್ಟಸುಖ ಬಲ್ಲವನೆಂಬ ಹೆಸರೊಂದೇ ಆತನ ಬಳಿ ಇರುವ, ಅವರ ಬಳಿ ಇಲ್ಲದ ಸರಕು. ಅದನ್ನು ಕೆಡಿಸದಂತಹ ಯಂತ್ರವನ್ನೇ ವರ್ತಕ ಬಾಂಧವರು ಕೇಳಿ ಕೊಳ್ಳಬೇಕು.